ಹೊಳೆಯುವ ಶಾಫ್ಟ್

ಕೊರೊನಾ ಮುಗಿದ ಮರುವರ್ಷ ನಾನು ಬುಶ್ ತಯಾರಿಸುವ ಕಂಪನಿಯೊಂದರಲ್ಲಿ ಸರ್ವಿಸ್ ಎಂಜಿನಿಯರ್ ಆಗಿದ್ದೆ. ಚಿತ್ರದುರ್ಗ ಜಿಲ್ಲೆ ನನ್ನ ಪಾಲಿಗೆ ಬಂದಿತ್ತು. ಹಿರಿಯೂರಿನ ಎಣ್ಣೆ ಗಿರಣಿಯೊಂದರಲ್ಲಿ ಬೀಜ ಬೇಯಿಸುವ ಕುಕ್ಕರಿನ ಕಾವಿಗೆ ಗ್ರೀಸ್ ಕರಗಿ ಬೀಜಕ್ಕೇ ಇಳಿಯುತ್ತಿತ್ತು. ಹಾಗಾಗಿ ಬೀಜ ಕಲಕುವ ಅಲಗುಗಳ ಶಾಫ್ಟ್ ಕೂತು ತಿರುಗುವ ಕಂಚಿನ ಬಳೆಯನ್ನು, ಅಂದರೆ ಬುಶ್ಶನ್ನು ತೆಗೆಸಿ, ಪೀಕ್ ಎಂಬ ಪ್ಲಾಸ್ಟಿಕ್ಕಿನದನ್ನು ಕೂರಿಸಿದೆ. ಇನ್ನೂರು ಡಿಗ್ರಿಗೂ ಪೀಕ್ ಜಗ್ಗುವುದಿಲ್ಲ, ಗ್ರೀಸೂ ಬೇಡ.

ಅಲ್ಲಿನ ಫಿಟರ್ ತಿಪ್ಪೇಸ್ವಾಮಿ ಬಬ್ಬೂರಿನವರು, ಯಂತ್ರವೆಂದರೆ ದೇವರು ಎನ್ನುವ ಪೈಕಿ. ತಿಂಗಳ ನಂತರ ಹೋದಾಗ ಬುಶ್ಶಿನ ಮೇಲ್ಹೋಳು ಬಿಚ್ಚಿ ತೋರಿಸಿದರು. ಒಳಗೆ ಶಾಫ್ಟ್ ಫಳಫಳ ಹೊಳೆಯುತ್ತಿತ್ತು. ಇಷ್ಟು ಚೊಕ್ಕವಾಗಿ ಇಟ್ಟುಕೊಂಡವರನ್ನು ಎಲ್ಲೂ ನೋಡಿಲ್ಲ ಎಂದು ಎಲ್ಲರೆದುರು ಹೊಗಳಿದೆ. ಪಾಪ, ನಾಚಿಕೊಂಡರು.

ವರ್ಷಗಟ್ಟಲೆ ಬರಬೇಕಿದ್ದ ಬುಶ್ ಕೆಲವೇ ತಿಂಗಳಲ್ಲಿ ಸವೆದು ಶಾಫ್ಟ್ ವಾಲಿತು. ಅಲಗುಗಳು ಕುಕ್ಕರಿನ ಗೋಡೆ ಕೆರೆದು ಹಿಂಡಿಯಲ್ಲಿ ಕಬ್ಬಿಣದ ಚೂರು ಬಂತು. ಮಾಲೀಕರು ಕೆಂಡವಾಗಿದ್ದರು. ತಪ್ಪು ಫಿಟರ್‌ನದಾದರೆ ಇವತ್ತೇ ಮನೆಗೆ ಕಳಿಸುತ್ತೇನೆ ಎಂದು ನನಗೆ ಫೋನಿನಲ್ಲೇ ಹೇಳಿದ್ದರು.

ಹೋಗಿ ನೋಡಿದರೆ ಶಾಫ್ಟ್ ಮಾತ್ರ ಹೊಳೆಯುತ್ತಲೇ ಇತ್ತು. ಏನು ಮಾಡುತ್ತೀರಿ ಇದಕ್ಕೆ ಎಂದು ತಿಪ್ಪೇಸ್ವಾಮಿಯನ್ನು ಕೇಳಿದೆ.

"ಅಮಾಸೆ ಪೂಜೆ ಐತಲ್ಲ ಮೇಡಂ, ಕಪ್ಪು ಕುಂತಿರ್ತೈತೆ, ಎಮರಿ ಪೇಪರ್ ಹಾಕಿ ತಿಕ್ತೀನಿ. ಮೊದ್ಲು ಅಮಾಸೆಗೊಂದ್ಸಲ. ನೀವು ಹೊಗಳಿದ ಮ್ಯಾಲೆ ವಾರವಾರ."

ಆ ಕಪ್ಪೇ ಬುಶ್ಶಿನ ಜೀವ. ಪೀಕ್ ಉಕ್ಕಿಗೆ ಉಜ್ಜುವಾಗ ತನ್ನ ಮೈಯಿಂದ ಒಂದಿಷ್ಟು ಬಿಟ್ಟು ಅದರ ಮೇಲೆ ತೆಳು ಪದರ ಹಚ್ಚುತ್ತದೆ. ಇದಕ್ಕೆ ಟ್ರಾನ್ಸ್‌ಫರ್ ಫಿಲ್ಮ್ ಎನ್ನುತ್ತೇವೆ. ಅದು ಕೂತ ಮೇಲೆ ಸವೆತ ತೀರಾ ಕಡಿಮೆ. ತಿಕ್ಕಿ ತೆಗೆದರೆ ಮತ್ತೆ ಮೈ ಸವೆಸಿಯೇ ಹಚ್ಚಬೇಕು. ತಿಂಗಳಾದರೂ ಕಪ್ಪಿಲ್ಲದ ಶಾಫ್ಟ್ ಕಂಡು ಅನುಮಾನಪಡಬೇಕಾದವಳು ಶಹಬ್ಬಾಸ್ ಎಂದಿದ್ದೆ!

ಮಾಲೀಕರಿಗೆ ಅಲ್ಲೇ ಹೇಳಿದೆ: "ತಪ್ಪು ನಂದು. ಅವರು ನನ್ನ ಮಾತಿಗೆ ಬೆಲೆ ಕೊಟ್ಟರು, ಅಷ್ಟೆ."

ತಿಪ್ಪೇಸ್ವಾಮಿಯ ಕೆಲಸ ಉಳಿಯಿತು, ಹೊಸ ಬುಶ್ಶನ್ನು ನಮ್ಮ ಕಂಪನಿಯೇ ಕೊಟ್ಟಿತು. ಇನ್ನು ಶಾಫ್ಟಿನ ಕಪ್ಪನ್ನು ಮುಟ್ಟಲೇಬೇಡಿ ಎಂದು ಅವರಿಗೆ ಹೇಳಿ ಬಂದೆ. ಆದರೂ ನನಗೆ ಸಮಾಧಾನವಿರಲಿಲ್ಲ. ಆಯುಧಪೂಜೆಗೆ ಕರೆದಿದ್ದರು, ಹೋದೆ. ಸ್ಪ್ಯಾನರಿಗೂ ವಿಭೂತಿ ಹಚ್ಚಿ ಹೂ ಇಟ್ಟಿದ್ದರು. ಕುಕ್ಕರಿನ ಹತ್ತಿರ ಮಾತ್ರ ಯಾರೂ ಸುಳಿದಿರಲಿಲ್ಲ. ತಿಪ್ಪೇಸ್ವಾಮಿ ಕೈ ಹಿಂದಕ್ಕೆ ಕಟ್ಟಿಕೊಂಡು ದೂರದಿಂದಲೇ ಕೇಳಿದರು:

"ಮೇಡಂ, ಇದಕ್ಕೆ ಒಂದು ಬೊಟ್ಟಾದ್ರೂ ಇಡಬೋದಾ?"

ಹೊರಗಿನ ಮುಚ್ಚಳಕ್ಕೆ ಇಡಿ ಎಂದೆ. ತನ್ನ ಯಂತ್ರ ಮುಟ್ಟಲೂ ಆತ ಅಪ್ಪಣೆ ಕೇಳುವಂತೆ ಮಾಡಿದ್ದು ನಾನೇ. ಈಗ ಯಾರ ಕೆಲಸ ಮೆಚ್ಚಿದರೂ, ಹೇಗೆ ಮಾಡಿದಿರಿ ಎಂದು ಮೊದಲು ಕೇಳುತ್ತೇನೆ, ಶಹಬ್ಬಾಸ್ ಆಮೇಲೆ.