ವಫಿಯ್ಯಾಳ ಹಾಡು, ಬಯೂಮಿಯ ಕಾಲಿಸ್ತ್ರಿ

ನಸುಕಿನ ನಮಾಜು ಮುಗಿಸಿ ಬಂದವರ ಚಪ್ಪಲಿ ಸದ್ದು ಓಣಿಯಲ್ಲಿ ಅಡಗುತ್ತಿದೆ. ಕೈರೋದ ಶುಬ್ರಾ ಬಡಾವಣೆ ಇನ್ನೂ ಸರಿಯಾಗಿ ಎದ್ದಿಲ್ಲ. ಓಣಿಯವರು ಉಸ್ತಾ, ಅಂದರೆ ಮೇಸ್ತ್ರಿ, ಎಂದು ಕರೆಯುವ ಬಯೂಮಿ ಬಾಯ್ತುಂಬ ನೀರು ತುಂಬಿಕೊಂಡು, ಹಾಸಿದ ನಿಲುವಂಗಿಯ ಮೇಲೆ ಫುರ್ರನೆ ಊದುತ್ತಾರೆ. ಗ್ಯಾಸ್ ಒಲೆಯ ಮೇಲಿಂದ ಕಬ್ಬಿಣದ ದೊಡ್ಡ ಇಸ್ತ್ರಿಯನ್ನು ಎಳೆದು ಒದ್ದೆ ಗೋಣಿಗೆ ತಾಗಿಸಿ, ಚುಂಯ್ ಎನ್ನುವ ಸದ್ದಿಗೆ ಕಿವಿ ಕೊಡುತ್ತಾರೆ. ಕಾವು ಹೆಚ್ಚಾಗಿದೆ. ಕಾಯುತ್ತಾರೆ. ಮತ್ತೆ ತಾಗಿಸುತ್ತಾರೆ. ಆಮೇಲೆ ಇಸ್ತ್ರಿಯ ಬೆನ್ನಿನ ಮರದ ತುಂಡಿನ ಮೇಲೆ ಬಲಗಾಲಿಟ್ಟು, ಉದ್ದನೆಯ ಹಿಡಿಯನ್ನು ಕೈಯಲ್ಲಿ ಹಿಡಿದು, ಮೈಭಾರವೆಲ್ಲ ಬಿಟ್ಟು ನೂಕುತ್ತಾರೆ.

ಗೋಣಿಗೆ ತಾಗಿಸಿ ನೋಡುವುದು ಹೊಸದಾಗಿ ಕಲಿತವರ ಕೆಲಸ. ನಲವತ್ತು ವರ್ಷ ಈ ಮನುಷ್ಯ ಹಾಗೆ ಮಾಡಿದವರಲ್ಲ. ಗೋಡೆಯ ಮೇಲಿನ ಹಲಗೆಯಲ್ಲಿ ಚೌಕಾಕಾರದ ಒಂದು ಜಾಗಕ್ಕೆ ಮಾತ್ರ ಮಸಿ ಹಿಡಿದಿಲ್ಲ. ಅಲ್ಲೊಂದು ಟಿವಿ ಇತ್ತು. ಕಳೆದ ತಿಂಗಳು ಅದನ್ನು ಇಳಿಸಿದ್ದಾರೆ.

ಬಯೂಮಿ ತಾಂತಾ ಪಟ್ಟಣದ ಕಡೆಯ ಹಳ್ಳಿಯವರು. ಮೀಸೆ ಚಿಗುರುವ ವಯಸ್ಸಿನಲ್ಲಿ ಸೋದರಮಾವನ ಅಂಗಡಿಗೆ ಬಂದು ಕಾಲಿಸ್ತ್ರಿ ಕಲಿತರು. ಆಗ ಎದುರು ಬೀದಿಯಲ್ಲಿ ಬೇಸಿಗೆಯ ಬಯಲು ಚಿತ್ರಮಂದಿರವಿತ್ತು. ಟಿಕೆಟ್ಟಿಗೆ ಕಾಸಿಲ್ಲದ ಬಯೂಮಿ ಪಕ್ಕದ ಮಹಡಿಯ ಮೇಲೆ ಕೂತು, ಓರೆಯಾಗಿ ಕಾಣುತ್ತಿದ್ದ ಪರದೆಯಲ್ಲಿ ವಫಿಯ್ಯಾ ಸುಕ್ಕರ್ ಎಂಬ ನಟಿಯನ್ನು ಮೊದಲ ಸಲ ನೋಡಿದರು. ನದಿ ದಂಡೆಯಲ್ಲಿ ನೆನೆಸಿದ ಕಾಳು ಮಾರುವ ಹುಡುಗಿಯ ಪಾತ್ರ. ಗಿರಾಕಿ ಬರದ ಒಂದು ಸಂಜೆ ಅವಳು ಹಾಡುತ್ತಾಳೆ.

"ಪಕ್ಕದಿಂದ ನೋಡಿದ್ದಕ್ಕೆ ಅವಳ ಮುಖ ಸೌತೆಕಾಯಿ ಥರ ಉದ್ದ ಕಂಡಿತ್ತು. ನನಗೆ ಅದೇ ಹಿಡಿಸಿಬಿಡ್ತು. ಆಮೇಲೆ ಕಾಸು ಕೂಡಿಸಿ ಎದುರಿಂದ ನೋಡ್ತೀನಿ, ಯಾರೋ ಬೇರೆಯೋಳು ಅನ್ನಿಸ್ತು. ಒಪ್ಕೊಳ್ಳೋಕೆ ಇನ್ನೆರಡು ಸಲ ನೋಡಬೇಕಾಯ್ತು."

ವಫಿಯ್ಯಾ ದೊಡ್ಡ ತಾರೆಯೇನೂ ಆಗಲಿಲ್ಲ. ಕೆಲವು ಚಿತ್ರ ಮಾಡಿ, ಮದುವೆಯಾಗಿ, ಮರೆಯಾಗಿ, ತೀರಿಕೊಂಡಳು. ಅವಳಿಗೆ ಪ್ರತಿಮೆಯಿಲ್ಲ, ವರ್ಷಕ್ಕೊಮ್ಮೆ ನೆನೆಯುವ ಸಭೆಯಿಲ್ಲ. ಪ್ರಶಸ್ತಿ ಸಮಾರಂಭದ ಬಾಗಿಲಲ್ಲಿ ಕಿರುಚುವವರನ್ನೇ ಅಭಿಮಾನಿಗಳು ಎಂದು ಬರೆದು ನಾವು ಪುಟ ತುಂಬಿಸುತ್ತೇವೆ. ಕಾಲಡಿ ಕಾದ ಕಬ್ಬಿಣ ಇಟ್ಟುಕೊಂಡು ಸತ್ತವಳನ್ನು ದಿನಾ ಪ್ರೀತಿಸುವವನು ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಹಳೆಯ ಚಿತ್ರಗಳ ವಾಹಿನಿ ಬಂದ ಮೇಲೆ ಬಯೂಮಿ ಅಂಗಡಿಗೆ ಟಿವಿ ತಂದರು. ಕಾಳಿನ ಹುಡುಗಿಯ ಚಿತ್ರ ಆಗಾಗ ಬರುತ್ತದೆ. ಹಾಡು ಶುರುವಾದಾಗ ಇಸ್ತ್ರಿ ಒಲೆಗೇರಬೇಕು, ಪಲ್ಲವಿ ಕೊನೆಯ ಸಲ ಬಂದಾಗ ಇಳಿಯಬೇಕು. ಆಗ ಕಾವು ಹತ್ತಿಬಟ್ಟೆಗೆ ಹದ. ಟಿವಿ ಬರುವ ಮುಂಚಿನಂತೆ ಬೇರೆ ಹೊತ್ತಿನಲ್ಲಿ ಅದನ್ನೇ ಬಾಯಲ್ಲಿ ಗುನುಗಿದರೂ ಸಾಕು. ಓಣಿಯವರು ನಗುತ್ತಿದ್ದರು, ಬಟ್ಟೆಯನ್ನೂ ಕೊಡುತ್ತಿದ್ದರು.

ಹೆಂಡತಿ ಇನ್ಸಾಫ್ ಚಹಾ ತಂದಿಡುತ್ತಾ ಹೇಳುತ್ತಾರೆ: "ನನ್ನ ಹೆಸರು ಮರೆತಾರು. ಅವಳು ಯಾವ ಸಿನಿಮಾದಲ್ಲಿ ಯಾವ ಓಲೆ ಹಾಕಿದ್ಲು ಅಂತ ಕೇಳಿ, ನಿದ್ದೆಗಣ್ಣಲ್ಲೂ ಹೇಳ್ತಾರೆ."

"ನೀನು ಓಲೆ ಹಾಕ್ಕೊಂಡಿದ್ದು ಯಾವಾಗಮ್ಮಾ?"

"ನೀವು ತಂದುಕೊಟ್ಟಿದ್ದು ಯಾವಾಗ?"

ಮೂರು ವರ್ಷದಿಂದ ಬಯೂಮಿಯ ಕಣ್ಣು ಹೋಗುತ್ತಿದೆ. ಒಳಗಿನ ಒತ್ತಡ ನರವನ್ನು ತಿನ್ನುವ ಕಾಯಿಲೆ. ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಿ ಎಂದಿದ್ದಾರೆ ವೈದ್ಯರು. ಬದಿಯದೆಲ್ಲ ಕತ್ತಲೆ, ನಡುವೆ ಒಂದು ಕಿಂಡಿಯಷ್ಟು ಬೆಳಕು. ಆ ಕಿಂಡಿಯಲ್ಲಿ ಬಟ್ಟೆ ನೋಡಬೇಕೋ ವಫಿಯ್ಯಾಳನ್ನು ನೋಡಬೇಕೋ ಎಂಬ ಪ್ರಶ್ನೆ ಅವರಿಗೆ ದಿನವೂ ಇತ್ತು. ಕೆಲಸಕ್ಕೆ ಕಣ್ಣು, ಅವಳಿಗೆ ಕಿವಿ ಎಂದು ಹಂಚಿಕೊಂಡಿದ್ದರು.

ಟಿವಿ ಇನ್ನೂ ಇದ್ದಾಗಿನ ಒಂದು ದಿನ ಕಾಲಡಿ ಇದ್ದದ್ದು ಹಾಜಿ ಮಿತ್ವಲ್ಲಿಯವರ ಬಿಳಿ ನಿಲುವಂಗಿ. ಮಿತ್ವಲ್ಲಿ ಬೀದಿ ಮೂಲೆಯಲ್ಲಿ ಬೇಯಿಸಿದ ಅವರೆ ಮಾರುವವರು. ತೀರಿಹೋದ ಅಣ್ಣ ಮಕ್ಕಾದಿಂದ ತಂದುಕೊಟ್ಟ ಬಟ್ಟೆ ಅದು. ಮಗಳ ನಿಕಾಹಿಗೆ ಹಾಕಿಕೊಳ್ಳಬೇಕೆಂದು ಇಟ್ಟಿದ್ದರು. ಹಾಡು ಶುರುವಾಯಿತು, ಇಸ್ತ್ರಿ ಒಲೆಗೇರಿತು. ಎರಡನೇ ಚರಣದ ನಟ್ಟನಡುವೆ ವಾಹಿನಿಯವರು ಅವಳ ಬಾಯಿ ಮುಚ್ಚಿಸಿ ತುಪ್ಪದ ಜಾಹೀರಾತು ಹಾಕಿದರು. ತುಪ್ಪದ ಹಿಂದೆ ಸಾಬೂನು, ಸಾಬೂನಿನ ಹಿಂದೆ ಫೋನು. ಹಾಡುವವಳ ಕತ್ತು ಹಿಸುಕಿ ತುಪ್ಪ ಮಾರುವವರಿಗೆ ನಾಚಿಕೆಯಾದರೂ ಬೇಡವೇ?

ಬಯೂಮಿ ಕಾದರು. "ಹಾಡು ಮುಗಿಯೋ ಮುಂಚೆ ಇಸ್ತ್ರಿ ಇಳಿಸಿದ್ರೆ ಮಾತಾಡ್ತಿರೋರ ಮುಂದಿಂದ ಎದ್ದುಹೋದ ಹಾಗೆ. ಯಾವತ್ತೂ ಮಾಡಿರಲಿಲ್ಲ."

ಅವಳು ಮರಳಿ ಬಂದು ಪಲ್ಲವಿ ಮುಗಿಸಿದಾಗ ಇಸ್ತ್ರಿ ಇಳಿಯಿತು. ಕಾಲು ಊರಿತು. ಸುಟ್ಟ ವಾಸನೆ ಬಂತು. ಪಕ್ಕದ ಬೇಕರಿಯಲ್ಲಿ ರೊಟ್ಟಿ ಸೀದಿದೆ ಎಂದುಕೊಂಡು ಅವರು ಇನ್ನೊಮ್ಮೆ ನೂಕಿದರು. ನಿಲುವಂಗಿಯ ಎದೆಯ ಮೇಲಿನ ಕಂದು ಗುರುತನ್ನು ಮೊದಲು ಕಂಡದ್ದು ಚಹಾ ತಂದ ಇನ್ಸಾಫ್.

ಮಿತ್ವಲ್ಲಿ ಬೈಯಲಿಲ್ಲ. ಬಟ್ಟೆಯನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು, ಟಿವಿಯ ಕಡೆ ಕೈ ತೋರಿಸಿ ಒಂದೇ ಮಾತು ಹೇಳಿದರಂತೆ: "ಉಸ್ತಾ, ಈ ಪುಣ್ಯಾತ್ಗಿತ್ತಿ ನಮ್ಮಣ್ಣನ ಬಟ್ಟೆ ಸುಟ್ಲಲ್ಲಯ್ಯ." ಮಗಳ ನಿಕಾಹಿಗೆ ಬೇರೆ ಅಂಗಿ ಹಾಕಿಕೊಂಡರು.

ಆ ಮಾತು ಓಣಿ ತುಂಬ ಹರಡಿತು. ಹಳೆಯ ಗಿರಾಕಿಗಳು ಮುಖ್ಯರಸ್ತೆಯ ಹಬೆ ಇಸ್ತ್ರಿ ಅಂಗಡಿಗೆ ಹೋಗತೊಡಗಿದರು. ಹಿಂದೆ ಮಧ್ಯಾಹ್ನದ ಬಾಂಗಿನವರೆಗೂ ಕರಗದ ರಾಶಿ ಈಗ ಚಹಾದ ಹೊತ್ತಿಗೇ ಮುಗಿಯುತ್ತದೆ. ಇಸ್ತ್ರಿಯೋ ಟಿವಿಯೋ, ಒಂದು ಆರಿಸಿ ಎಂದರು ಇನ್ಸಾಫ್. ಬಯೂಮಿ ತಾವೇ ಸ್ಟೂಲು ಹತ್ತಿ, ತಡಕಾಡಿ ತಂತಿ ಬಿಚ್ಚಿದರು; ಗುನುಗುವುದನ್ನೂ ಬಿಟ್ಟರು. ಟಿವಿ ಈಗ ಮೇಲಿನ ಕೋಣೆಯಲ್ಲಿ ಬಟ್ಟೆ ಹೊದ್ದು ಕೂತಿದೆ.

"ಮನೇಲಿ ಯಾಕೆ ಹಾಕಲ್ಲ ಅಂತ ನಾನೇ ಕೇಳ್ದೆ," ಎನ್ನುತ್ತಾರೆ ಇನ್ಸಾಫ್. ದನಿ ತಗ್ಗಿದೆ. "ಕೈಯಲ್ಲಿ ಕೆಲಸ ಇಲ್ದೆ ಅವಳ ಮುಂದೆ ಕೂತ್ರೆ ಅಳು ಬರುತ್ತೆ ಅಂತಾರೆ."

ಎದುರಿನ ಕಾಫಿ ಅಂಗಡಿಯ ಟಿವಿಯಿಂದ ಬೆಳಗಿನ ಸುದ್ದಿ ಕೇಳುತ್ತಿದೆ. ಮಿತ್ವಲ್ಲಿ ಅವರೆಯ ಗಾಡಿ ತಳ್ಳಿಕೊಂಡು ಹೋಗುತ್ತಾರೆ. "ಬೆಳಕಾಗಲಿ ಉಸ್ತಾ," ಎನ್ನುತ್ತಾರೆ. "ನಿಮಗೂ ಹಾಜಿ," ಎನ್ನುತ್ತಾರೆ ಬಯೂಮಿ. ಗಾಡಿ ತಿರುವು ದಾಟುವವರೆಗೂ ಗೋಣಿಯ ಮೇಲಿನ ಇಸ್ತ್ರಿ ಅಲುಗುವುದಿಲ್ಲ.

ಏನು ಬೇಕು ನಿಮಗೆ ಎಂದು ಕೇಳಿದರೆ ಅವರು ಕಣ್ಣಿನ ಮಾತೆತ್ತುವುದಿಲ್ಲ, ಗಿರಾಕಿಯ ಮಾತೂ ಎತ್ತುವುದಿಲ್ಲ. "ಅವಳ ಮುಖ ನನ್ನ ಹತ್ರ ಇದೆ, ಉದ್ದಂದು, ಮೊದಲ ಸಲದ್ದು. ಆ ಹಾಡು ನಡುವೆ ಯಾರೂ ಬಾಯಿ ಹಾಕದೆ ಇನ್ನೊಂದು ಸಲ ಪೂರ್ತಿ ಕೇಳಬೇಕು. ಅಷ್ಟೆ."

ಬಾಯ್ತುಂಬ ನೀರು ತೆಗೆದುಕೊಂಡವರು ಏನೋ ನೆನಪಾಗಿ ಅದನ್ನು ಚರಂಡಿಗೆ ಉಗಿದು ತಿರುಗುತ್ತಾರೆ.

"ಬರೆಯೋದಾದ್ರೆ ಇದೊಂದು ಸರಿಯಾಗಿ ಬರೀರಿ. ಬಟ್ಟೆ ಸುಟ್ಟೋನು ನಾನು. ಅವಳ ಹಾಡಿಗೆ ಇಷ್ಟು ವರ್ಷ ಒಂದು ಕರವಸ್ತ್ರನೂ ಸುಟ್ಟಿರಲಿಲ್ಲ."