ಇನ್ನೊಬ್ಬ ಫಿರೋಜನ ವರ್ಷಗಳು

2024ರ ನವೆಂಬರ್ 12, ಮಂಗಳವಾರ ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಅಂಬರೀನ್ ಅವರು ಕಪನೂರಿನ ಕಲ್ಲಿನ ಕಾರ್ಖಾನೆಯಲ್ಲಿ ಕರಿಕಲ್ಲಿನ ಫಲಕವೊಂದರ ಮುಂದೆ ಕುಳಿತು, ಬಿಳಿ ಬಣ್ಣದ ಸಣ್ಣ ಕುಂಚದಿಂದ 1388 ಎಂಬ ಇಸವಿಯ ಮೊದಲ ಎಂಟನ್ನು ಬರೆಯುತ್ತಿದ್ದರು. ಎರಡನೆಯ ಎಂಟನ್ನು ಅವರು ಬರೆಯಲಿಲ್ಲ.

ನಲವತ್ತೊಂದು ವರ್ಷದ ಅಂಬರೀನ್ ದಿನವೂ ಕಮಲಾಪುರದಿಂದ ಬಸ್ಸಿನಲ್ಲಿ ಬಂದು ಕಲಬುರಗಿ ಇನ್ನೂ ಸ್ವಲ್ಪ ದೂರವಿರುವಾಗಲೇ ಕಪನೂರಿನಲ್ಲಿ ಇಳಿಯುತ್ತಾರೆ. ಅವರದು ಅಕ್ಷರ ಬರೆಯುವ ಕೆಲಸ. ಶಂಕುಸ್ಥಾಪನೆಯ ಕಲ್ಲು, ಮನೆಯ ಹೆಸರು, ಗೋರಿಯ ಕಲ್ಲು ಯಾವುದೇ ಇರಲಿ, ಕನ್ನಡವಾಗಲಿ ಉರ್ದುವಾಗಲಿ, ಮೊದಲು ಅವರು ಬಣ್ಣದಲ್ಲಿ ಬರೆಯಬೇಕು. ಆ ಗೆರೆಯ ಮೇಲೆ ಯಂಕಪ್ಪನವರು ಉಳಿ ನಡೆಸುತ್ತಾರೆ. ಬಣ್ಣ ತಪ್ಪಿದರೆ ಒದ್ದೆ ಬಟ್ಟೆಯಿಂದ ಒರೆಸಬಹುದು. ಕೊರೆದದ್ದನ್ನು ಒರೆಸಲು ಬರುವುದಿಲ್ಲ. ಹದಿನಾರು ವರ್ಷಗಳಲ್ಲಿ ಅವರ ಬರಹದ ಮೇಲೆ ಕೊರೆದ ಒಂದು ಇಸವಿಯೂ ತಪ್ಪಿರಲಿಲ್ಲ.

ಆ ವಾರದ ಕೆಲಸ ಶರಣಸಿರಸಗಿಯ ಹೊಸ ಲೇಔಟೊಂದರದು. ಅದರ ಮಾಲೀಕ ದಿಲೀಪ ಅಲ್ಲಿನ ಆರು ರಸ್ತೆಗಳಿಗೆ ಕಲಬುರಗಿಯನ್ನಾಳಿದ ಆರು ಬಹಮನಿ ಅರಸರ ಹೆಸರಿಟ್ಟಿದ್ದ. ಪ್ರತಿ ರಸ್ತೆಯ ತುದಿಗೆ ಹೆಸರು, ಆಳಿದ ವರ್ಷ, ಕಟ್ಟಿಸಿದ್ದರ ವಿವರ ಇರುವ ಒಂದು ಕಲ್ಲು. ಮೂರು ಮುಗಿದು ಗೋಡೆಗೆ ಒರಗಿದ್ದವು. ಇದು ನಾಲ್ಕನೆಯದು, ಫಿರೋಜ್ ಷಾ ರಸ್ತೆ. ಅಂಬರೀನ್ ಕುಂಚ ಎತ್ತಿ ಹಿಡಿದು, ದಿಲೀಪ ಬರೆದುಕೊಟ್ಟಿದ್ದ ಚೀಟಿಯನ್ನೂ ಗೋಡೆಯ ಕಡೆಯೂ ನೋಡಿದರು.

"ಯಂಕಪ್ಪ ಕಾಕಾ, ಜರಾ ನೋಡ್ರಿ. ಅಲ್ಲಾವುದ್ದೀನ್ ಹಸನ್ ಎಲ್ಲಿತನಕ ಆಳ್ಯಾನ?"

"ನಾನಽ ಕೊರದೀನಲ್ಲವಾ. ಹದಿಮೂರನೂರಾ ಐವತ್ತೆಂಟು."

"ಅವನ ಮಗ ಮಹಮ್ಮದ್ ಷಾ?"

"ಐವತ್ತೆಂಟರಿಂದ ಎಪ್ಪತ್ತೈದು."

"ಈ ಚೀಟಿನ್ಯಾಗ ಫಿರೋಜ್ ಷಾ ಐವತ್ತೊಂದಕ್ಕಽ ಬಂದು ಕುಂತಾನ, ಎಂಬತ್ತೆಂಟರ ತನಕ ಏಳಂಗಿಲ್ಲ."

ಯಂಕಪ್ಪ ಆ ಎರಡೂ ಕಲ್ಲುಗಳನ್ನು ಬೆರಳಿಟ್ಟು ಓದಿದರು. "ಒಂದಽ ಗಾದಿಗಿ ಮೂರು ಮಂದಿ? ಬಸ್ಸಿನ್ಯಾಗ ಕಿಟಕಿಯಿಂದ ದಸ್ತಿ ಒಗದು ಸೀಟು ಹಿಡದಂಗಾತು!"

ಅಂಬರೀನ್ ನಗಲಿಲ್ಲ. ಮಧ್ಯಾಹ್ನ ನಗರದ ಗ್ರಂಥಾಲಯಕ್ಕೆ ಹೋಗಿ ಎರಡು ಪುಸ್ತಕ ತೆರೆದು, ಎರಡರಲ್ಲೂ ಒಂದೇ ವರ್ಷ ಸಿಕ್ಕ ಮೇಲೆ ಬರೆದುಕೊಂಡರು. 1351ರಿಂದ 1388ರವರೆಗೆ ಆಳಿದ ಫಿರೋಜ್ ಷಾ ದಿಲ್ಲಿಯವನು, ತುಘಲಕ್. ಅಲ್ಲಿನ ಕೋಟ್ಲಾ ಎಂಬ ಕೋಟೆ ಅವನದು, ಅವನ ಗೋರಿಯೂ ದಿಲ್ಲಿಯಲ್ಲೇ ಇದೆ. ಕಲಬುರಗಿಯ ಫಿರೋಜ್ ಷಾ ಬಹಮನಿ ಆಳಿದ್ದು 1397ರಿಂದ 1422ರವರೆಗೆ. ಭೀಮಾ ದಂಡೆಯ ಫಿರೋಜಾಬಾದ್ ಅವನದು. ಕಲಬುರಗಿಯ ಅರಸರ ಗೋರಿಗಳಿರುವ ಹಫ್ತ್ ಗುಂಬಜ್‌ನಲ್ಲಿ ಎರಡು ಗುಮ್ಮಟದ ದೊಡ್ಡ ಗೋರಿ ಅವನದು. ದಿಲೀಪ ಕೊಟ್ಟ ಚೀಟಿಯಲ್ಲಿ ಊರು ಇವನದು, ವರ್ಷ ಅವನದು. ಕಟ್ಟಿಸಿದ್ದರ ಸಾಲಿನಲ್ಲಿ ಫಿರೋಜಾಬಾದಿನ ಪಕ್ಕದಲ್ಲೇ ದಿಲ್ಲಿಯ ಕೋಟ್ಲಾ.

ಇಂಥ ತಪ್ಪು ಅಂಬರೀನ್ ಅವರಿಗೆ ಹೊಸದಲ್ಲ. 2008ರಲ್ಲಿ ಖೂಬಾ ಪ್ಲಾಟಿನ ಒಂದು ಖಾಸಗಿ ಶಾಲೆಯ ಚಿತ್ರಕಲಾ ಶಿಕ್ಷಕಿಯ ಕೆಲಸಕ್ಕೆ ಅವರು ಅರ್ಜಿ ಹಾಕಿದ್ದರು. ಸಂದರ್ಶನದ ಪತ್ರದ ಮೇಲೆ ಯಾರೋ 'ಕಮಲಾಪುರ, ಹೊಸಪೇಟೆ ತಾಲ್ಲೂಕು' ಎಂದು ಬರೆದರು. ಪತ್ರ ಹಂಪಿಯ ಪಕ್ಕದ ಕಮಲಾಪುರಕ್ಕೆ ಹೋಗಿ, ಅಲ್ಲಿ ಯಾರೂ ಸಿಗದೆ ತಿರುಗಿ ಬರುವಷ್ಟರಲ್ಲಿ ಸಂದರ್ಶನ ಮುಗಿದು ಹನ್ನೊಂದು ದಿನವಾಗಿತ್ತು. ಕೇಳಲು ಹೋದಾಗ ಶಾಲೆಯ ಗುಮಾಸ್ತ, "ಎರಡೂ ಕಮಲಾಪುರನೇ ಅಲ್ಲೇನಮ್ಮ" ಎಂದಿದ್ದ. ಮುಂದಿನ ತಿಂಗಳು ಅವರು ಕಲ್ಲಿನ ಕಾರ್ಖಾನೆ ಸೇರಿದರು.

ಬುಧವಾರ ದಿಲೀಪನೇ ಬಂದ. ಕಾರ್ಖಾನೆಯ ಮಾಲೀಕರಾದ ಪರ್ವೇಜ್ ಅವನಿಗೆ ಕುರ್ಚಿ ಹಾಕಿಸಿದರು. ಅಂಬರೀನ್ ಬರೆದುಕೊಂಡದ್ದನ್ನು ಅವನು ಅರ್ಧ ಓದಿ ಮಡಚಿದ.

"ಅಕ್ಕಾರ, ಫೋನಿನ್ಯಾಗ ಫಿರೋಜ್ ಷಾ ಅಂತ ಹೊಡದ್ರ ಮೊದಲ ಇದಽ ಇಸವಿ ಬರ್ತದ."

"ಕಮಲಾಪುರ ಅಂತ ಹೊಡದ್ರ ಹಂಪಿ ಕಡೀದೂ ಬರ್ತದ. ಇವತ್ತ ಸಂಜಿಗಿ ನಾ ಅಲ್ಲಿಗಿ ಹೋಗ್ಲೇನ್ರಿ?"

"ಇಬ್ರೂ ಫಿರೋಜ್ ಷಾ, ಇಬ್ರೂ ರಾಜರು. ಪ್ಲಾಟ್ ತಗೊಳೋರು ರಸ್ತಾ ಎಷ್ಟು ಫೂಟ್ ಅದ ಅಂತ ಕೇಳ್ತಾರ, ರಾಜಾ ಯಾವಾಗ ಸತ್ತ ಅಂತ ಕೇಳಂಗಿಲ್ಲ. ಯಾರು ಓದ್ತಾರ್ರೀ ಇದನ್ನ?"

"ದಿಲೀಪ ಅಂಬೋರು ಊರಾಗ ನೀವೊಬ್ರೇನು? ಇನ್ನೊಬ್ಬ ದಿಲೀಪ ಸತ್ತ ಇಸವಿ ನಿಮ್ಮ ಹೆಸರಿನ ಕೆಳಗ ಬರೀಲೇನ್ರಿ?"

"ಬಿಡ್ತು ಅನ್ರಿ!" ದಿಲೀಪ ಕುರ್ಚಿಯಿಂದ ಎದ್ದ. "ಪರ್ವೇಜ್ ಭಾಯ್, ಏನ್ರಿ ಇದು?"

ಪರ್ವೇಜ್ ಕೆಟ್ಟವರಲ್ಲ, ಅವಸರದವರು. "ಆಪಾ, ಗಿರಾಕಿ ಏನು ಕೊಡ್ತಾರ ಅದನ್ನ ಬರೀರಿ. ತಪ್ಪಾದ್ರ ಅವರ್ದು. ಕಲ್ಲಷ್ಟೇ ನಮ್ದು."

"ಕೈ ನಂದು, ಪರ್ವೇಜ್ ಭಾಯ್."

"ನಿಮಗ ಆಗಂಗಿಲ್ಲಂದ್ರ ನಾಲ್ಕು ದಿನ ಮನ್ಯಾಗ ಇರ್ರಿ."

ಅಂಬರೀನ್ ಒದ್ದೆ ಬಟ್ಟೆ ತೆಗೆದುಕೊಂಡು ತಾವು ಬರೆದಿದ್ದ ಸಾಲುಗಳನ್ನು ಒಂದೊಂದಾಗಿ ಒರೆಸಿದರು. ಯಂಕಪ್ಪ ಉಳಿಗಳನ್ನು ಚೀಲಕ್ಕೆ ಹಾಕಿಕೊಂಡರು. ದಿಲೀಪ ಅವರ ಕಡೆ ತಿರುಗಿದಾಗ, "ನನ್ನ ಯಾಕ ನೋಡ್ತೀರಿ ಸಾವಕಾರ್ರ? ಖಾಲಿ ಕಲ್ಲಿನ ಮ್ಯಾಲ ನಾ ಏನು ಕೊರೀಲಿ?" ಎಂದರು.

ದಿಲೀಪ ನಾಲ್ಕೂ ಕಲ್ಲುಗಳನ್ನು ಟೆಂಪೋದಲ್ಲಿ ಹಾಕಿಸಿಕೊಂಡು ಹೋದ. ಬೇರೆಲ್ಲೋ ಯಂತ್ರದಲ್ಲಿ ನಾಲ್ಕನೆಯದನ್ನು ಕೊರೆಸಿ ಶುಕ್ರವಾರ ನೆಡಿಸಿಯೂ ಬಿಟ್ಟ. ಯಂತ್ರಕ್ಕೆ ಯಾವ ಫಿರೋಜನಾದರೇನು? ಅಂಬರೀನ್ ಅವರಿಗೆ ಇದಕ್ಕಿಂತ ಹೆಚ್ಚು ಉರಿದದ್ದು ಇನ್ನೊಂದು. ತಪ್ಪು ಕಲ್ಲಿನ ಸಾಲಿನಲ್ಲಿ ಅವರ ಕೈಬರಹದ ಮೂರು ಕಲ್ಲುಗಳೂ ನಿಂತಿದ್ದವು. ನೋಡಿದವರು ನಾಲ್ಕೂ ಒಬ್ಬರ ಕೆಲಸವೆಂದೇ ತಿಳಿಯುತ್ತಾರೆ. ಇಬ್ಬರು ಫಿರೋಜರ ವಿವರಗಳನ್ನು ಅಕ್ಕಪಕ್ಕ ಬರೆದು, ಪುಸ್ತಕಗಳ ಹೆಸರು, ಪುಟಸಂಖ್ಯೆ ಕೊಟ್ಟು, ಅದರ ಫೋಟೋವನ್ನು ದಿಲೀಪನ ಫೋನಿಗೆ ಕಳಿಸಿದರು. ಉತ್ತರವಾಗಿ ಕೈಮುಗಿದ ಒಂದು ಚಿತ್ರ ಬಂತು. ಅಕ್ಷರ ಒಂದೂ ಇರಲಿಲ್ಲ.

ಭಾನುವಾರ ಅವರು ಕಮಲಾಪುರದಿಂದ ಹೊರಟು, ನಗರದಲ್ಲಿ ಬಸ್ಸು ಬದಲಿಸಿ, ಶರಣಸಿರಸಗಿಗೆ ಹೋದರು. ಅಂದು ಅಲ್ಲಿ ಆಡಿದ ಮಾತಿನಿಂದ ಕಲ್ಲೇನೂ ಬದಲಾಗಲಿಲ್ಲ, ಇದನ್ನು ಬರೆಯುವಾಗಲೂ ಹಾಗೆಯೇ ಇದೆ. ಪರ್ವೇಜ್ ಮಾತ್ರ ಎರಡು ವಾರದ ನಂತರ, ಗೋರಿಯ ಕಲ್ಲು ಬರೆಸಲು ಬಂದವರು "ಅಕ್ಷರ ಬರಿಯೋ ಅಕ್ಕಾರು ಎಲ್ಲಿ? ಅವರು ಬರೀದಿದ್ರ ನಮಗ ಬ್ಯಾಡ" ಎಂದು ಎದ್ದು ನಿಂತಾಗ, ತಾವೇ ಫೋನು ಮಾಡಿ ಅವರನ್ನು ಕರೆಸಿಕೊಂಡರು. ಯಾರು ಓದುತ್ತಾರೆ ಎಂದು ಕೇಳಿದ್ದ ದಿಲೀಪನಿಗೆ ಉತ್ತರ ಸಿಕ್ಕಿದ್ದು ಆ ಭಾನುವಾರವೇ.

ಪ್ಲಾಟು ನೋಡಲು ಒಂದು ಕುಟುಂಬ ಬಂದಿತ್ತು, ದಿಲೀಪನೇ ತೋರಿಸುತ್ತಿದ್ದ. ಮನೆಯೊಡತಿ ಸನಾ ಫಿರೋಜ್ ಷಾ ರಸ್ತೆಯ ಕಲ್ಲಿನ ಮುಂದೆ ನಿಂತು, ಕನ್ನಡ ಓದಲು ಬಾರದ ಅತ್ತೆಗಾಗಿ ಜೋರಾಗಿ ಓದುತ್ತಿದ್ದರು. ಇಸವಿಗೆ ಬಂದಾಗ ಹಿಂದಿನಿಂದ ಅಂಬರೀನ್, "ಅದು ತಪ್ಪದ್ರಿ. ಆ ವರ್ಷ ದಿಲ್ಲಿ ಫಿರೋಜಂದು" ಎಂದರು.

ಸನಾ ದಿಲೀಪನ ಮುಖ ನೋಡಿದರು. "ಹೌದೇನ್ರಿ?"

ದಿಲೀಪ ನಕ್ಕ. "ಅರಸರ ಕಾಲದ ಮಾತ್ರಿ ಬಾಯಾರ. ಒಂದೆರಡು ವರ್ಷ ಹೆಚ್ಚುಕಮ್ಮಿ ಇರ್ತದ."

ಅಂಬರೀನ್ ಮುಂದೆ ಬಂದು 1388ರ ಮೇಲೆ ಅಂಗೈ ಇಟ್ಟರು. ಪಕ್ಕದ ಪ್ಲಾಟಿನಲ್ಲಿ ಇಟ್ಟಿಗೆ ಕಟ್ಟುತ್ತಿದ್ದವರು ಕೈ ನಿಲ್ಲಿಸಿ ತಿರುಗಿ ನೋಡುವಷ್ಟು ಗಟ್ಟಿಯಾಗಿ ಹೇಳಿದರು:

"ಒಂದೆರಡಲ್ಲ, ದಿಲೀಪ. ಹದಿನಾಲ್ಕನೂರಾ ಇಪ್ಪತ್ತೆರಡಕ್ಕ ತೀರಿಕೊಂಡ ನಮ್ಮ ಊರಿನ ಅರಸನ್ನ, ಅವ ಸಾಯೂ ಮೊದಲಽ ನೀವು ಗೋರ್ಯಾಗ ಮಲಗಿಸೀರಿ. ಎಷ್ಟು ವರ್ಷ ಮೊದಲ, ಗೊತ್ತದೇನು? ಮೂವತ್ನಾಲ್ಕು."