ತಾಯವ್ವನ ಎರಡು ದಿನ್ನಿಗಳು

ತಾಯವ್ವ ಮದುವೆಯಾಗಿ ಬಂದಾಗ ಹಿರೇದಿನ್ನಿಗೂ ಕಿರಿದಿನ್ನಿಗೂ ನಡುವೆ ಇದ್ದದ್ದು ಒಂದು ಓಣಿ ಮಾತ್ರ. ಎರಡೂ ಒಂದೇ ಊರಿನ ಎರಡು ದಿಬ್ಬಗಳು. ತಗ್ಗಿನ ಓಣಿಯಲ್ಲಿ ಅವಳ ಮನೆ. ಮುಂದಿನ ಕಟ್ಟೆಯ ಮೇಲೆ ಕೂತರೆ ಎರಡೂ ಕಡೆಯ ಒಲೆಗಳ ಹೊಗೆ ಕಾಣುತ್ತಿತ್ತು. ಆಮೇಲೆ ಅಣೆಕಟ್ಟಿನ ಹಿನ್ನೀರು ಘಟಪ್ರಭೆಯ ದಂಡೆ ಮೀರಿ ಬಂತು. ಓಣಿ ಮುಳುಗಿತು, ಕಿರಿದಿನ್ನಿ ನಡುಗಡ್ಡೆಯಾಯಿತು, ಹಿರೇದಿನ್ನಿಗೆ ಹಿಂದಿನ ರಸ್ತೆಯೊಂದು ಉಳಿಯಿತು. ಅರ್ಧ ಊರು ಮುಳುಗಡೆಯವರಿಗೆಂದು ಕಟ್ಟಿದ ನವನಗರಕ್ಕೆ ಹೋಯಿತು. ತಾಯವ್ವ ಮನೆಯ ಬಾಗಿಲ ಚೌಕಟ್ಟು ಕೀಳಿಸಿಕೊಂಡು ಹಿರೇದಿನ್ನಿಗೆ ಏರಿದಳು. ಮೂರು ಎಕರೆ ಹೊಲ ಕಿರಿದಿನ್ನಿಯ ಮೇಲೆ ಉಳಿಯಿತು.

ಅಲ್ಲಿಂದ ಇಪ್ಪತ್ತು ವರ್ಷ ಅವಳು ಸುಭಾನಸಾಬನ ತೆಪ್ಪದಲ್ಲಿ ಹೊಲಕ್ಕೆ ಹೋಗಿ ಬಂದಳು. ಬಿದಿರು ಹೆಣೆದು ಡಾಂಬರು ಬಳಿದ ದುಂಡನೆಯ ತೆಪ್ಪ ಅದು. ಅವಳ ಎಮ್ಮೆ ಚಂದ್ರಿ ಹುಟ್ಟಿದ್ದು ಕಿರಿದಿನ್ನಿಯಲ್ಲಿ, ಆರು ವರ್ಷದ ಹಿಂದಿನ ಮಳೆಗಾಲದಲ್ಲಿ. ಹಣೆಯ ಮೇಲೆ ಬಿಳಿ ಚುಕ್ಕೆಯಿದ್ದ ಆ ಕರುವನ್ನು ತಾಯವ್ವ ತೊಡೆಯ ಮೇಲೆ ಮಲಗಿಸಿಕೊಂಡು ತೆಪ್ಪದಲ್ಲೇ ಮನೆಗೆ ತಂದಿದ್ದಳು. ದೊಡ್ಡದಾದ ಮೇಲೆ ಚಂದ್ರಿ ತೆಪ್ಪದ ಹಿಂದೆ ಈಜಲು ಕಲಿತಳು. ಬೆಳಿಗ್ಗೆ ಆಚೆಯ ಹಸಿರು ಹುಲ್ಲಿಗೆ, ಸಂಜೆ ಈಚೆಯ ಗೋದಲಿಗೆ. ಮೂಗಿಗೆ ಹಗ್ಗ ಬೇಕಿರಲಿಲ್ಲ. ತೆಪ್ಪ ಮುಂದಿದ್ದರೆ ಸಾಕು.

ಕಿರಿದಿನ್ನಿಯ ಬಸುರಿ ಗೌಸಿಯಾ ದವಾಖಾನೆಗೆ ಹೊರಟು ತೆಪ್ಪದಲ್ಲೇ ಹೆತ್ತ ವರ್ಷ ಎರಡೂ ದಿನ್ನಿಯವರು ಸೇರಿ ಸೇತುವೆಗೆ ಅರ್ಜಿ ಬರೆದರು. ತಾಯವ್ವನೂ ಹೆಬ್ಬೆಟ್ಟು ಒತ್ತಿದಳು. ಅಂದು ಹುಟ್ಟಿದ ಅಯಾನ ಶಾಲೆಯಲ್ಲಿ ಏಳನೇ ಇಯತ್ತೆಗೆ ಬರುವ ಹೊತ್ತಿಗೆ ಸೇತುವೆ ಆಯಿತು. ಕಿರಿದಿನ್ನಿಯ ಮಕ್ಕಳು ಚಪ್ಪಲಿ ಕೈಯಲ್ಲಿ ಹಿಡಿಯದೆ ಶಾಲೆಗೆ ಬಂದರು. ಗ್ಯಾಸಿನ ಗಾಡಿ ಮೊದಲ ಸಲ ಆಚೆಗೆ ಹೋಯಿತು.

ಚಂದ್ರಿ ಮಾತ್ರ ಹೋಗಲಿಲ್ಲ. ಸೇತುವೆಯ ಬಾಯಿಗೆ ಬಂದು ಕಾಲೂರಿ ನಿಂತುಬಿಟ್ಟಳು.

ನವನಗರದ ಕಚೇರಿಯಲ್ಲಿ ಕೆಲಸಕ್ಕಿರುವ ಮಗ ಪ್ರೇಮಕುಮಾರ ರವಿವಾರ ಬಂದವನು ತಾಯಿಯ ಊದಿದ ಮೊಣಕಾಲು ನೋಡಿದ. ಕೆಸರಿನಲ್ಲಿಳಿದು ತೆಪ್ಪ ಹತ್ತುವುದು ಇನ್ನು ಆಗದು ಎಂದು ಡಾಕ್ಟರು ಹೇಳಿದ್ದರು.

"ಯವ್ವಾ, ಎಮ್ಮಿ ಸೇತುವಿ ಹತ್ತಿದ್ರ ಇಟ್ಕೋ. ಇಲ್ಲಾಂದ್ರ ಮಾರಿಬಿಡೂಣು. ಶುಕ್ರವಾರ ಹುನಗುಂದದವ್ರು ನೋಡಾಕ ಬರ್ತಾರ" ಎಂದ. ಅವನ ಮಾತಿನಲ್ಲಿ ತಪ್ಪಿರಲಿಲ್ಲ.

ಸೋಮವಾರ ಅವಳು ಹಸಿಮೇವು ಹಿಡಿದು ಕರೆದಳು. ಮಂಗಳವಾರ ಹಿಂಡಿ ತೋರಿಸಿದಳು. ಬುಧವಾರ ಅಯಾನನ ಕೈಲಿ ಹೊಲದ ಮಣ್ಣು ತರಿಸಿ ಸೇತುವೆಯ ಮೇಲೆ ಹರಡಿದಳು. ಚಂದ್ರಿ ಮಣ್ಣಿದ್ದಷ್ಟು ದೂರ ನಾಲ್ಕು ಹೆಜ್ಜೆ ಬಂದು, ಮಣ್ಣು ಮುಗಿದಲ್ಲಿ ನಿಂತಳು. ಕೆಳಗೆ ಕೂತು ತೆಪ್ಪಕ್ಕೆ ಡಾಂಬರು ಹಚ್ಚುತ್ತಿದ್ದ ಸುಭಾನಸಾಬ ನಕ್ಕ. ಮಂದಿ ದಾಟಿಸುವುದು ನಿಂತಿದ್ದರೂ ಮೀನು ಹಿಡಿಯಲು ಅವನಿಗೆ ತೆಪ್ಪ ಬೇಕಿತ್ತು.

"ಯಕ್ಕಾ, ಅದರದೇನು ತಪ್ಪು? ತೆಪ್ಪದ ಹಿಂದ ಬರಾಕ ನೀನ ಕಲಿಸೀದಿ."

"ಹಂಗಾರ ತೆಪ್ಪಾನ ಸೇತುವಿ ಮ್ಯಾಲ ತರ್ತೀಯೇನು?" ಎಂದು ತಾಯವ್ವ ಸಿಡುಕಿ ಮನೆಗೆ ನಡೆದಳು.

ಗುರುವಾರ ಬೆಳಿಗ್ಗೆ ಅವಳು ಎಮ್ಮೆ ಹೊಡೆದುಕೊಂಡು ಬಂದಾಗ ಸೇತುವೆಯ ಬಾಯಲ್ಲಿ ತೆಪ್ಪವೊಂದು ಎರಡು ಕಾಲ ಮೇಲೆ ನಿಂತಿತ್ತು. ಸುಭಾನಸಾಬ ಅದನ್ನು ಬೋರಲಾಗಿ ತಲೆಯ ಮೇಲೆ ಹೊತ್ತಿದ್ದ.

"ನಿನ್ನಿ ನೀನ ಕೇಳಿದ್ಯಲ್ಲ" ಎಂದಿತು ತೆಪ್ಪದೊಳಗಿನ ದನಿ.

ಅವನು ನಡೆದ. ಚಂದ್ರಿ ಮೂಗು ಚಾಚಿ ಡಾಂಬರಿನ ವಾಸನೆ ಹಿಡಿದಳು. ಕಿವಿ ಅಲುಗಿಸಿದಳು. ಒಂದು ಕಾಲು ಇಟ್ಟಳು, ಇನ್ನೊಂದು ಇಟ್ಟಳು. ಆಮೇಲೆ ನೀರಿನಲ್ಲಿ ಬರುವಷ್ಟೇ ನೆಮ್ಮದಿಯಾಗಿ ತೆಪ್ಪದ ಹಿಂದೆ ಹೊರಟಳು. ಶಾಲೆಗೆ ಬರುತ್ತಿದ್ದ ಮಕ್ಕಳು ಸೇತುವೆಯ ಬದಿಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟರು.

ನಟ್ಟನಡುವೆ ತಾಯವ್ವನ ಕಾಲು ತಾನಾಗಿ ನಿಂತಿತು. ಕೆಳಗೆ ನೀರು ಬಿಸಿಲಿಗೆ ಹೊಳೆಯುತ್ತಿತ್ತು. ಇಷ್ಟು ದಿನ ಇಲ್ಲಿಗೆ ಬಂದರೆ ಅಳು ಬರುತ್ತದೆಂದು ಅವಳು ಹೆದರಿದ್ದಳು. ಬರಲಿಲ್ಲ. ಇಲ್ಲಿ ನಿಂತರೂ ಎರಡೂ ದಿನ್ನಿಯ ಒಲೆಗಳ ಹೊಗೆ ಕಾಣುತ್ತಿತ್ತು.

"ಇಲ್ಲೇ ಕೆಳಗ ನಮ್ಮ ಕಟ್ಟಿ ಇತ್ತು, ಸುಭಾನಾ."

"ಗೊತ್ತೈತಿ. ಇಪ್ಪತ್ತು ವರ್ಸ ಅದರ ಮ್ಯಾಲೇ ಹುಟ್ಟು ಹಾಕೇನಿ. ಈಗ ನಡಿಯಕ್ಕಾ, ನನ್ನ ಕುತ್ತಿಗಿ ಹೋಗಾಕತ್ತೈತಿ."

ಶುಕ್ರವಾರ ಹುನಗುಂದದವರು ಬಂದಾಗ ಎಮ್ಮೆ ಮನೆಯಲ್ಲಿರಲಿಲ್ಲ, ಆಚೆ ಮೇಯುತ್ತಿತ್ತು. ತಾಯವ್ವ ಅವರಿಗೆ ಮಜ್ಜಿಗೆ ಕೊಟ್ಟು ಕಳಿಸಿದಳು.

ಎಂಟು ದಿನ ಸುಭಾನಸಾಬ ತೆಪ್ಪ ಹೊತ್ತ. ಒಂಬತ್ತನೆಯ ದಿನ ಅದನ್ನು ಕಿರಿದಿನ್ನಿಯ ಕಡೆ, ಸೇತುವೆಯ ತುದಿಯಲ್ಲಿ ಗೋಡೆಗೆ ಆನಿಸಿ ಇಟ್ಟ; ಈಗ ಅಲ್ಲಿಂದಲೇ ಮೀನಿಗೆ ಇಳಿಯುತ್ತಾನೆ. ಚಂದ್ರಿ ಒಬ್ಬಳೇ ಸೇತುವೆ ದಾಟಿ ಹೋಗುತ್ತಾಳೆ. ತೆಪ್ಪ ಅಲ್ಲಿದ್ದರೆ ಅದಕ್ಕೆ ಒಮ್ಮೆ ಕುತ್ತಿಗೆ ಉಜ್ಜಿ, ಆಮೇಲೆ ಹುಲ್ಲಿಗಿಳಿಯುತ್ತಾಳೆ. ಹಿಂದಿನಿಂದ ತಾಯವ್ವ, ಮೊಣಕಾಲಿಗೆ ತಕ್ಕ ಹೆಜ್ಜೆಯಲ್ಲಿ, ನಿಧಾನವಾಗಿ ಬರುತ್ತಾಳೆ.